ಎಂಟನೆಯ ಕೋವಿ

1964ರ ಜೂನ್ ತಿಂಗಳಿನಲ್ಲಿ, ಮಲೆನಾಡಿನ ಮಳೆಯೆಂದರೆ ಏನೆಂಬುದನ್ನು ಪುಸ್ತಕಗಳಿಂದ ಮಾತ್ರ ಬಲ್ಲವನಾಗಿದ್ದ ನಾನು, ಮಂಡ್ಯದ ಸೀಮೆಯ ಬಯಲನ್ನು ಬಿಟ್ಟು ಮಡಿಕೇರಿಯ ಒಂದು ಪ್ರೌಢಶಾಲೆಗೆ ಉಪಾಧ್ಯಾಯನಾಗಿ ಹೋಗಿ ಸೇರಿದ ಮೊದಲನೆಯ ದಿನ, ಹಾಜರಿಪುಸ್ತಕವನ್ನು ತೆರೆದು ಹೆಸರುಗಳನ್ನು ಕೂಗತೊಡಗಿದಾಗ, ಪ್ರತಿಯೊಂದು ಹೆಸರಿನ ಮೊದಲ ಪದವೂ ನನಗೆ ಅಪರಿಚಿತವಾಗಿ ಕಂಡಿತು. ‘ಮಾಡ’ ಎಂದೋ ‘ಅಂಡ’ ಎಂದೋ ‘ಇರ’ ಎಂದೋ ಮುಗಿಯುವ ಆ ಪದಗಳನ್ನೇ ಹುಡುಗರ ಹೆಸರುಗಳೆಂದು ಭಾವಿಸಿ ನಾನು ಅವನ್ನಷ್ಟೇ ಓದುತ್ತ ಹೋದೆ. ಮುಂದಿನ ಬೆಂಚಿನ ಹುಡುಗನೊಬ್ಬನು ಎದ್ದು ನಿಂತು, ಬಹಳ ವಿನಯದಿಂದ, “ಸಾರ್, ಅದು ನಾನಲ್ಲ, ಅದು ನಮ್ಮ ಮನೆ” ಎಂದನು.

ಆ ಮಾತಿನ ಅರ್ಥವು ನನಗೆ ಪೂರ್ಣವಾಗಿ ತಿಳಿಯಲು ವರ್ಷಗಳೇ ಹಿಡಿದವು. ಕೊಡವರಲ್ಲಿ ಒಬ್ಬ ಮೂಲಪುರುಷನಿಂದ ಇಳಿದು ಬಂದವರೆಲ್ಲರೂ ಸೇರಿ ಒಂದು ‘ಒಕ್ಕ’. ಒಕ್ಕಕ್ಕೆ ಒಂದು ಐನ್‌ಮನೆ. ಐನ್‌ಮನೆಯ ಸಮೀಪದಲ್ಲಿ, ಗತಿಸಿದ ಹಿರಿಯರಿಗಾಗಿ ಕಟ್ಟಿದ ಒಂದು ಕೈಮಡ. ಮನುಷ್ಯನು ಎಲ್ಲಿಗೇ ಹೋಗಲಿ, ಯಾವ ಪದವಿಯನ್ನೇ ಏರಲಿ, ಅವನ ಹೆಸರಿಗಿಂತ ಮುಂಚೆ ಅವನ ಒಕ್ಕದ ಹೆಸರು ನಡೆಯುತ್ತದೆ. ನಮ್ಮ ಬಯಲುಸೀಮೆಯಲ್ಲಿ ಊರೂ ತಂದೆಯೂ ಸಂಕುಚಿತವಾಗಿ ಒಂದೊಂದು ಅಕ್ಷರವಾಗಿಬಿಟ್ಟಿರುವಾಗ, ಇಲ್ಲಿ ಮನೆಯೇ ಮುಂದೆ ನಿಂತು ಮನುಷ್ಯನನ್ನು ಪರಿಚಯಮಾಡಿಕೊಡುತ್ತದೆ. ಇದು ಕೊಡವರಿಗೆ ಮಾತ್ರ ಮೀಸಲಾದ ಪದ್ಧತಿಯೂ ಅಲ್ಲ. ಕಂಪೆನಿ ಸರಕಾರದ ವಿರುದ್ಧ ಎದ್ದ ದಂಗೆಯಲ್ಲಿ ಭಾಗವಹಿಸಿದುದಕ್ಕಾಗಿ 1837ರಲ್ಲಿ ಮಡಿಕೇರಿಯ ಕೋಟೆಯ ಬಳಿ ಗಲ್ಲಿಗೇರಿಸಲ್ಪಟ್ಟ ಸುಬೇದಾರ್ ಗುಡ್ಡೆಮನೆ ಅಪ್ಪಯ್ಯ ಗೌಡರ ಹೆಸರಿನಲ್ಲಿಯೂ ಮನೆಯೇ ಮೊದಲು.

ಇಂದು ಮಡಿಕೇರಿಗೆ ಹೋಗುವವರು ಆ ಊರನ್ನೆಲ್ಲ ಒಂದು ಯುದ್ಧಸ್ಮಾರಕವೆಂದೇ ತಿಳಿಯಬಹುದು. ಅಷ್ಟು ಚಿಕ್ಕ ಊರಿನಲ್ಲಿ ವೃತ್ತವೃತ್ತಕ್ಕೂ ಒಬ್ಬ ಯೋಧನ ಹೆಸರು: ಜನರಲ್ ತಿಮ್ಮಯ್ಯ, ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಬಸ್ ನಿಲ್ದಾಣದ ಬಳಿ ಸ್ಕ್ವಾಡ್ರನ್ ಲೀಡರ್ ದೇವಯ್ಯ, ಮತ್ತೊಂದೆಡೆ ಕಾಶ್ಮೀರದಲ್ಲಿ ಮಡಿದ ಮೇಜರ್ ಮುತ್ತಣ್ಣ. ಬಸ್ಸಿನಿಂದ ಇಳಿಯುವವರೂ ಆಟೋದವರೂ “ತಿಮ್ಮಯ್ಯ ಸರ್ಕಲ್” ಎಂದಷ್ಟೇ ಹೇಳಿ ಮುಗಿಸುತ್ತಾರೆ; ಆದರೆ ಪೂರ್ಣನಾಮವನ್ನು ಬರೆಯಹೊರಟಾಗ ಕೊಡಂದೇರ, ಅಜ್ಜಮಾಡ, ಮಂಗೇರಿರ ಎಂದು ಮನೆಯಿಂದಲೇ ಪ್ರಾರಂಭಿಸಬೇಕು. ದೇಶದ ಮೊದಲನೆಯ ಭಾರತೀಯ ಮಹಾದಂಡನಾಯಕರಾಗಿ 1949ರ ಜನವರಿ 15ರಂದು ಅಧಿಕಾರ ವಹಿಸಿಕೊಂಡ ಕಾರ್ಯಪ್ಪನವರೂ, ಅದರ ಹಿಂದಿನ ವರ್ಷ ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿದ ತಿಮ್ಮಯ್ಯನವರೂ ಒಂದೇ ಕೊಡಂದೇರ ಒಕ್ಕದವರೆಂಬುದನ್ನು ಹೊರಗಿನವರಾದ ನಾವು ಬಹುಕಾಲ ಗಮನಿಸಿಯೇ ಇರುವುದಿಲ್ಲ. ಶಿಲೆಯ ಮೇಲೆ ಮೊದಲು ಉತ್ಕೀರ್ಣವಾಗುವುದು ಮನೆ, ಆಮೇಲೆ ಮಗ.

ನಾನು ಮಡಿಕೇರಿಗೆ ಹೋದಾಗ ಈ ವೃತ್ತಗಳ ಪ್ರತಿಮೆಗಳಲ್ಲಿ ಒಂದೂ ಇರಲಿಲ್ಲ. ಇರಲು ಕಾರಣವೂ ಇರಲಿಲ್ಲ. ತಿಮ್ಮಯ್ಯನವರು ಜೀವಂತರಾಗಿದ್ದರು, ಆ ವರ್ಷವೇ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿ ಸೈಪ್ರಸ್ ದ್ವೀಪಕ್ಕೆ ತೆರಳಿದರು. ಕಾರ್ಯಪ್ಪನವರು ‘ರೋಶನಾರಾ’ ಎಂಬ ತಮ್ಮ ಮನೆಯಲ್ಲಿ ನಿವೃತ್ತಿಜೀವನ ನಡೆಸುತ್ತಿದ್ದರು. ದೇವಯ್ಯ ಎಂಬ ವಿಮಾನಚಾಲಕರೊಬ್ಬರಿದ್ದಾರೆಂಬುದು ಅವರ ನೆಂಟರಿಷ್ಟರಿಗೆ ಹೊರತು ಬೇರೆಯವರಿಗೆ ತಿಳಿದಿರಲಿಲ್ಲ. ಆದುದರಿಂದ ಸ್ಮಾರಕವು ಕಲ್ಲಾಗುವುದಕ್ಕೆ ಮುಂಚೆ ಎಲ್ಲಿ ವಾಸವಾಗಿರುತ್ತದೆಂಬುದನ್ನು ಕಣ್ಣಾರೆ ಕಾಣುವ ಅವಕಾಶ ನನಗೆ ಒದಗಿತು.

ಕಲ್ಲುಗಳ ವಿಷಯ ನನಗೆ ಹೊಸದೇನೂ ಆಗಿರಲಿಲ್ಲ. ನಮ್ಮೂರ ಕೆರೆಯ ಏರಿಯ ಮೇಲೆ ಒಂದು ವೀರಗಲ್ಲಿತ್ತು, ಈಗಲೂ ಇದೆ. ಕೆಳಗಿನ ಪಟ್ಟಿಕೆಯಲ್ಲಿ ಕತ್ತಿ ಹಿಡಿದು ಕಾದುವ ಗಂಡಸು, ಅವನ ಹಿಂದೆ ಸಾಲಾಗಿ ದನಗಳು; ನಡುವಿನ ಪಟ್ಟಿಕೆಯಲ್ಲಿ ಅವನನ್ನು ಎರಡು ಪಕ್ಕದಲ್ಲಿಯೂ ಹಿಡಿದು ಮೇಲಕ್ಕೊಯ್ಯುವ ಅಪ್ಸರೆಯರು; ಮೇಲೆ ಲಿಂಗದ ಎದುರಿನಲ್ಲಿ ಕೈಮುಗಿದು ಕುಳಿತ ಅದೇ ಗಂಡಸು. ತುರುಗೋಳಿನಲ್ಲಿ ಸತ್ತವನು. ಅಕ್ಷರವೆಂಬುದು ಅದರ ಮೇಲೆ ಒಂದೂ ಇಲ್ಲ. ನನ್ನ ಅಜ್ಜಿ ಶ್ರಾವಣದ ಶನಿವಾರಗಳಲ್ಲಿ ಅದಕ್ಕೆ ಹರಳೆಣ್ಣೆ ಹಚ್ಚಿ, ಅರಿಸಿನವಿಟ್ಟು ಬರುತ್ತಿದ್ದಳು. “ಯಾರಜ್ಜಿ ಇವನು?” ಎಂದು ಕೇಳಿದರೆ, “ನಮ್ಮಪ್ಪ ಕಣೋ” ಎನ್ನುತ್ತಿದ್ದಳು. ತನಗೆ ಹೆಸರೇ ಗೊತ್ತಿಲ್ಲದವನನ್ನು ಅಪ್ಪನೆಂದು ಕರೆಯಲು ಅವಳಿಗೆ ಯಾವ ಅಡ್ಡಿಯೂ ಕಾಣುತ್ತಿರಲಿಲ್ಲ. ನಮ್ಮ ಜಿಲ್ಲೆಯದೇ ಆದ ಆತಕೂರಿನ ಶಾಸನವನ್ನು ನಾನು ಕಾಲೇಜಿನಲ್ಲಿ ಓದಿದ್ದೆ. 949ರ ಆ ಕಲ್ಲಿನಲ್ಲಿ ತಕ್ಕೋಲದ ಯುದ್ಧದ ಪ್ರಸ್ತಾಪವಿದೆ. ಕಾಡುಹಂದಿಯೊಡನೆ ಹೋರಾಡಿ ಅದನ್ನು ಕೊಂದು ತಾನೂ ಸತ್ತ ಕಾಳಿ ಎಂಬ ಬೇಟೆನಾಯಿಯ ಹೆಸರಿದೆ. ಆ ನಾಯಿಯ ಕಲ್ಲಿಗೆ ಪೂಜೆ ನಡೆಯಲೆಂದು ಬಿಟ್ಟ ಭೂಮಿಯ ವಿವರವಿದೆ. ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣಬಾರದೆಂಬ ಕಟ್ಟಳೆಯಿದೆ. ಸತ್ತವರಿಗೆ ಸಲ್ಲಿಸದೆ ಬದುಕಿರುವವರು ಉಣ್ಣಬಾರದೆಂಬ ಈ ನಿಯಮವು ಬರಿಯ ಶಾಸನದ ಮಾತಲ್ಲವೆಂಬುದನ್ನು ನಾನು ಕಂಡದ್ದು ಕೊಡಗಿನ ಒಂದು ಮನೆಯ ನಡುಮನೆಯಲ್ಲಿ.

ಮಡಿಕೇರಿಯಲ್ಲಿ ನಾನು ಬಾಡಿಗೆಗಿದ್ದುದು, ನಲವತ್ತೆರಡು ನಲವತ್ತಮೂರು ವರ್ಷದ ಒಬ್ಬ ಗೃಹಿಣಿಯ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ. ಅವರ ಯಜಮಾನರು ತೋಟದ ಕೆಲಸಕ್ಕಾಗಿ ಬಹುಪಾಲು ಹಳ್ಳಿಯಲ್ಲೇ ಇರುತ್ತಿದ್ದರು. ಮಕ್ಕಳ ವಿದ್ಯಾಭ್ಯಾಸಕ್ಕೆಂದು ಆಕೆ ಪಟ್ಟಣದಲ್ಲಿ ಮನೆ ಮಾಡಿದ್ದರು. ಮಳೆಗಾಲದ ರಾತ್ರಿಗಳಲ್ಲಿ, ಒಲೆಯ ಮುಂದೆ ಬಟ್ಟೆ ಒಣಗಿಸುತ್ತ, ಆಕೆ ನನಗೆ ತಮ್ಮ ಕಡೆಯ ನಡವಳಿಕೆಗಳನ್ನು ಒಂದೊಂದಾಗಿ ಹೇಳುತ್ತಿದ್ದರು. ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುವುದು. ಸಾವಾದರೆ ಬೆನ್ನುಬೆನ್ನಿಗೆ ಎರಡು. ಗುಡ್ಡದಿಂದ ಗುಡ್ಡಕ್ಕೆ ಆ ಶಬ್ದ ಹೋಗಿ ಮುಟ್ಟಿದಾಗ, ಗದ್ದೆಯಲ್ಲಿರುವವನು ಎಣಿಸಿಕೊಂಡು, ಎರಡೆಂದು ತಿಳಿದ ಕೂಡಲೇ ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಹೊರಡಬೇಕು.

ಆಕೆಯ ಯಜಮಾನರಿಗೆ ಒಬ್ಬ ತಮ್ಮನಿದ್ದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಿ ಮಲಯಕ್ಕೆ ಹೋದವನು. ಆಕೆ ಹೊಸ ಮದುವಣಗಿತ್ತಿಯಾಗಿ ಆ ಮನೆಯನ್ನು ಹೊಕ್ಕಾಗ ಅವನು ಇನ್ನೂ ಮನೆಯಲ್ಲಿದ್ದು, ಆಕೆಗೆ ಕೋವಿಯಲ್ಲಿ ಗುರಿ ಹಿಡಿಯುವುದನ್ನು ಹೇಳಿಕೊಟ್ಟವನಂತೆ. 1941ರ ಪುತ್ತರಿ ಹಬ್ಬಕ್ಕೆ ಮುಂಚೆ ಅವನಿಂದ ಒಂದು ಕಾಗದ ಬಂತು. 1942ರ ಫೆಬ್ರವರಿ 15ರಂದು ಸಿಂಗಪುರ ಬಿತ್ತು. ಅನಂತರ ಏನೂ ಬರಲಿಲ್ಲ. ಯುದ್ಧ ಮುಗಿದಮೇಲೆ, ಸೆರೆಯಲ್ಲಿದ್ದವರಲ್ಲಿ ಕೆಲವರು ಹಿಂತಿರುಗಿದರು. ಅವರಲ್ಲಿ ಒಬ್ಬನು, ಅವನು ಯುದ್ಧದಲ್ಲೇ ಹೋದನೆಂದನು. ಮತ್ತೊಬ್ಬನು, ಇಲ್ಲ, ನೇತಾಜಿಯವರ ಸೈನ್ಯಕ್ಕೆ ಸೇರಿದ್ದನ್ನು ಕಂಡವರಿದ್ದಾರೆಂದನು. ಇದು ಆಗಿನ ಕಾಲದಲ್ಲಿ ಅನೇಕ ಮನೆಗಳನ್ನು ಒಳಗಿನಿಂದಲೇ ಎರಡಾಗಿಸಿದ ಸಂಗತಿ. ಸ್ವತಃ ತಿಮ್ಮಯ್ಯನವರ ಅಣ್ಣ ಪೊನ್ನಪ್ಪನವರು ಆಜಾದ್ ಹಿಂದ್ ಫೌಜಿನಲ್ಲಿದ್ದಾಗ, ತಮ್ಮನಾದ ತಿಮ್ಮಯ್ಯನವರು ಬ್ರಿಟಿಷ್ ಭಾರತದ ಸೈನ್ಯದ ಅಧಿಕಾರಿಯಾಗಿ ಯುದ್ಧರಂಗದಲ್ಲಿದ್ದರು.

ಸಿಂಗಪುರದ ಕ್ರಾಂಜಿಯಲ್ಲಿ, ಗೋರಿಯೆಂಬುದು ಎಲ್ಲಿಯೂ ಇಲ್ಲದವರಿಗಾಗಿ ಕಟ್ಟಿದ ಸ್ಮಾರಕದ ಕಂಬಗಳ ಮೇಲೆ 24,000ಕ್ಕೂ ಮಿಕ್ಕು ಹೆಸರುಗಳಿವೆಯೆಂದು ನಾನು ಎಷ್ಟೋ ವರ್ಷಗಳ ಮೇಲೆ ಓದಿದೆ. ಅದೇ ಊರಿನ ಕಡಲತಡಿಯಲ್ಲಿ ನೇತಾಜಿಯವರು 1945ರ ಜುಲೈ ತಿಂಗಳಿನಲ್ಲಿ ತಮ್ಮ ಸೈನಿಕರಿಗಾಗಿ ಅಸ್ತಿಭಾರವಿಟ್ಟು ಎಬ್ಬಿಸಿದ ಇನ್ನೊಂದು ಸ್ಮಾರಕವನ್ನು, ಹಿಂದಿರುಗಿದ ಬ್ರಿಟಿಷರು ಕೆಲವೇ ವಾರಗಳಲ್ಲಿ ಸಿಡಿಸಿ ಕೆಡವಿದರು. ನನ್ನ ಮನೆಯೊಡತಿಯ ಮೈದುನನು ಇವುಗಳಲ್ಲಿ ಯಾವ ಕಲ್ಲಿಗೆ ಸೇರಿದವನೆಂದು ನಿರ್ಣಯಿಸುವವರು ಯಾರೂ ಇರಲಿಲ್ಲ. ಅವನ ಮನೆಯವರಿಗೆ ಅದು ಬೇಕಾಗಿಯೂ ಇರಲಿಲ್ಲ. ಅವರಿಗಿದ್ದ ತೊಡಕು ಬೇರೆ: ಅವನಿಗಾಗಿ ಎರಡು ಗುಂಡು ಹಾರಿಸಬೇಕೋ, ಬೇಡವೋ.

1965ರ ಕೈಲ್ ಪೊಳ್ದಿಗೆ ಅವರು ನನ್ನನ್ನು ಐನ್‌ಮನೆಗೆ ಕರೆದುಕೊಂಡು ಹೋದರು. ಗದ್ದೆಯ ನಾಟಿ ಮುಗಿದು, ಮಳೆ ಸ್ವಲ್ಪ ಇಳಿಮುಖವಾಗಿ, ಆಯುಧಗಳನ್ನು ಪೂಜಿಸಿ ಬೇಟೆಗೆ ಹೊರಡುವ ಹಬ್ಬ ಅದು. ಸೆಪ್ಟೆಂಬರ್ 3ರ ಸುಮಾರಿಗೆ ಬರುತ್ತದೆ. ಛಾಂಬ್ ಪ್ರದೇಶದಲ್ಲಿ ಪಾಕಿಸ್ತಾನದ ಟ್ಯಾಂಕುಗಳು ನುಗ್ಗಿದ ಸುದ್ದಿ ಆಗಲೇ ರೇಡಿಯೋದಲ್ಲಿ ಬಂದಿತ್ತು. ಆ ಮನೆಯ ಮೂವರು ಸೈನ್ಯದಲ್ಲಿದ್ದರು. ಹಬ್ಬಕ್ಕೆ ರಜೆಯ ಮೇಲೆ ಬರಬೇಕಾಗಿದ್ದವನಿಗೆ ರಜೆ ರದ್ದಾಗಿತ್ತು. ಆದರೂ ಹಬ್ಬ ನಿಲ್ಲಲಿಲ್ಲ. ನೆಲ್ಲಕ್ಕಿ ನಡುಬಾಡೆಯೆಂಬ ನಡುಮನೆಯಲ್ಲಿ, ತೂಗುದೀಪದ ಕೆಳಗೆ, ಮಣೆಯ ಮೇಲೆ ಕೋವಿಗಳನ್ನು ಸಾಲಾಗಿ ಇಟ್ಟಿದ್ದರು. ಪಕ್ಕದಲ್ಲಿ ಒಡಿಕತ್ತಿ, ಪೀಚೆಕತ್ತಿಗಳು. ಕೋವಿಗಳ ಮರದ ಭಾಗಕ್ಕೆ ಕೊಬ್ಬರಿ ಎಣ್ಣೆ ತೀಡಿ ಹೊಳಪು ಬಂದಿತ್ತು. ನಳಿಗೆಯುದ್ದಕ್ಕೂ ಗಂಧದ ಬೊಟ್ಟು. ಪ್ರತಿಯೊಂದರ ಬಾಯಿಗೂ ಬೆಂಕಿಯ ನಾಲಗೆಗಳಂತೆ ಮೇಲಕ್ಕೆ ಬಾಗಿದ ಕೆಂಪು ಹಳದಿ ದಳಗಳ ತೋಕ್ ಪೂ. ಕೋವಿಯ ಹೂವೆಂದೇ ಅದಕ್ಕೆ ಹೆಸರು. ನಾನು ಎಣಿಸಿದೆ: ಎಂಟು ಕೋವಿಗಳು.

ಪೂಜೆಯಾದ ಬಳಿಕ ಹಿರಿಯರು ಒಂದೊಂದು ಕೋವಿಯನ್ನೇ ಎತ್ತಿ, ಅದರ ಒಡೆಯನಾದವನನ್ನು ಹತ್ತಿರ ಕರೆದು, ಶತ್ರುವಿಗೆ ಬೆನ್ನು ತೋರಬೇಡ, ನಿರಪರಾಧಿಯನ್ನು ಕೆಣಕಬೇಡ ಎಂಬರ್ಥದ ಹರಕೆಯ ಮಾತುಗಳೊಡನೆ ಅವನ ಕೈಗೆ ಕೊಟ್ಟರು. ಅವನು ಕಾಲು ಮುಟ್ಟಿ ತೆಗೆದುಕೊಂಡನು. ದೂರದ ಗಡಿಯಲ್ಲಿದ್ದ ಮೂವರ ಪರವಾಗಿ ಅವರ ತಮ್ಮಂದಿರೂ ಮಕ್ಕಳೂ ಬಂದು ತೆಗೆದುಕೊಂಡರು. ಏಳು ಕೋವಿಗಳು ಏಳು ಕೈಗಳಿಗೆ ಹೋದವು. ಎಂಟನೆಯದನ್ನು ಹಿರಿಯರು ಎತ್ತಿದರು; ಕ್ಷಣಕಾಲ ಹಾಗೆಯೇ ಹಿಡಿದು ನಿಂತರು; ಯಾರ ಹೆಸರನ್ನೂ ಕರೆಯಲಿಲ್ಲ. ಮತ್ತೆ ಮಣೆಯ ಮೇಲೆ ಇಟ್ಟರು. ಆಗ ನನ್ನ ಮನೆಯೊಡತಿ ಮುಂದೆ ಬಂದು, ಅದರ ಬಾಯಿಂದ ಜಾರುತ್ತಿದ್ದ ಹೂವನ್ನು ಸರಿಪಡಿಸಿ, ಎರಡು ಕೈಗಳಲ್ಲಿಯೂ ಅದನ್ನೆತ್ತಿಕೊಂಡು, ಗೋಡೆಯ ಗೂಟಕ್ಕೆ ತೂಗುಹಾಕಿದರು. ಎಲ್ಲರೂ ಅಂಗಳಕ್ಕಿಳಿದು ತೆಂಗಿನಕಾಯಿಗೆ ಗುರಿಯಿಡಲು ಹೊರಟರು. ಅಲ್ಲಿದ್ದ ಮಕ್ಕಳಲ್ಲಿ ಒಂದೂ, ಅದು ಯಾರದೆಂದು ಕೇಳಲಿಲ್ಲ, ಎಲ್ಲಕ್ಕೂ ಗೊತ್ತಿತ್ತು.

ಊಟಕ್ಕೆ ಮುನ್ನ, ದೀಪದ ಬಳಿ ಬಾಳೆಯ ಎಲೆಯ ಮೇಲೆ ಕಡಂಬುಟ್ಟು, ಮಾಂಸದ ಸಾರು, ಒಂದು ಲೋಟ ಸಾರಾಯಿ ಇಟ್ಟು, ಗತಿಸಿದ ಹಿರಿಯರಾದ ಗುರುಕಾರಣರಿಗೆ ಮೀದಿ, ಎಂದರೆ ಎಡೆ, ಸಲ್ಲಿಸಿದರು. ಅನಂತರವೇ ನಮಗೆಲ್ಲ ಎಲೆ ಹಾಕಿದ್ದು. ನನಗೆ ಪ್ರತ್ಯೇಕವಾಗಿ ಕುಂಬಳಕಾಯಿಯ ಸಾರು ಮಾಡಿದ್ದರು. ಆತಕೂರಿನ ಗೊರವನ ಕಟ್ಟಳೆ ನನ್ನ ನೆನಪಿಗೆ ಬಂದದ್ದು ಆಗ. ಹಿಂತಿರುಗುವ ದಾರಿಯಲ್ಲಿ ನಾನು ಸಂಕೋಚಪಡುತ್ತಲೇ ಕೇಳಿದೆ: ಆ ಎಲೆಯಲ್ಲಿ ನಿಮ್ಮ ಮೈದುನನಿಗೂ ಪಾಲುಂಟೇ? ಆಕೆ ಸ್ವಲ್ಪ ದೂರ ಮಾತನಾಡದೆ ನಡೆದು, ಹೇಳಿದರು: “ಅದೇ ಮೇಷ್ಟ್ರೇ, ನಮಗೆ ಇರುವ ಕಷ್ಟ. ಸತ್ತನೆಂದು ಯಾರಾದರೂ ಬಂದು ಹೇಳಿದ್ದರೆ ಗುಂಡು ಹಾರಿಸಿ, ಸೂತಕ ಹಿಡಿದು, ಮಾದ ಕಳೆದು, ಎಲೆ ಇಟ್ಟುಬಿಡುತ್ತಿದ್ದೆವು. ಅತ್ತೆ ಸಾಯುವವರೆಗೂ ಇಡಗೊಡಲಿಲ್ಲ. ಬದುಕಿರುವವನಿಗೆ ಮೀದಿ ಇಟ್ಟರೆ ಅವನ ಆಯುಸ್ಸಿಗೆ ಕೇಡಲ್ಲವಾ?”

ಆ ದಿನದಿಂದ ನಾಲ್ಕನೆಯ ಬೆಳಿಗ್ಗೆ, ಸೆಪ್ಟೆಂಬರ್ 7ರಂದು, ಪಂಜಾಬಿನ ಆದಮ್‌ಪುರದಿಂದ ಹನ್ನೆರಡು ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಿಮಾನನೆಲೆಯ ಮೇಲೆ ದಾಳಿಗೆ ಹೋಗಬೇಕಾಗಿದ್ದಿತು. ಅಜ್ಜಮಾಡ ಬೋಪಯ್ಯ ದೇವಯ್ಯನವರು ಆ ಹನ್ನೆರಡರಲ್ಲಿ ಸೇರಿದವರಲ್ಲ; ಯಾವುದಾದರೊಂದು ವಿಮಾನ ಕೆಟ್ಟುನಿಂತರೆ ಅದರ ಸ್ಥಾನಕ್ಕೆಂದು ಸಿದ್ಧವಾಗಿದ್ದವರು. ಹಾಗೆ ಒಂದು ಸ್ಥಾನ ತೆರವಾಗಿ ಅವರು ಹೋದರು. ದಾಳಿಯಿಂದ ಮರಳುವಾಗ, ತಮ್ಮದಕ್ಕಿಂತ ಎಷ್ಟೋ ಪಾಲು ವೇಗವುಳ್ಳ ಒಂದು ಸ್ಟಾರ್‌ಫೈಟರ್ ವಿಮಾನವು ಬೆನ್ನಟ್ಟಿ ಅವರ ವಿಮಾನಕ್ಕೆ ಪೆಟ್ಟು ಕೊಟ್ಟಿತು; ಪೆಟ್ಟು ತಿಂದ ಆ ವಿಮಾನದಲ್ಲಿಯೇ ಅವರು ತಿರುಗಿ ನಿಂತು ಕಾದಿ ಅದನ್ನು ಉರುಳಿಸಿದರು. ಅದರ ಚಾಲಕನು ಪ್ಯಾರಾಚೂಟಿನಿಂದ ಇಳಿದು ಬದುಕಿಕೊಂಡನು. ದೇವಯ್ಯನವರು ಬರಲಿಲ್ಲ. ಇದಿಷ್ಟನ್ನೂ ನಾನು ಈಗ ಬರೆಯುತ್ತಿದ್ದೇನೆ. ಅಂದು ಇದನ್ನು ಬಲ್ಲವರು ನಮ್ಮ ಕಡೆಯಲ್ಲಿ ಯಾರೂ ಇರಲಿಲ್ಲ. ಅಂದು ಕೊಡಗಿಗೆ ಬಂದದ್ದು ಒಂದೇ ಪದ: ಕಾಣೆ.

ಆ ಪದವನ್ನು ನನ್ನ ಮನೆಯೊಡತಿಗೆ ಪತ್ರಿಕೆ ಹಿಡಿದು ಓದಿ ಹೇಳಬೇಕಾದವನು ನಾನು. ಆಕೆ ಅಕ್ಕಿ ಆರಿಸುತ್ತ ಕುಳಿತಿದ್ದರು. ಕೈ ನಿಂತಿತು. “ಹೆಂಡತಿ ಇದ್ದಾಳಾ?” ಎಂದು ಕೇಳಿದರು. ಇದ್ದಾರೆಂದು ಕೇಳಿದ್ದೆ, ಹಾಗೆಂದೆ. “ಅಯ್ಯೋ, ಅವಳಿಗೂ ಹೀಗೇ ಆಯಿತಲ್ಲ” ಎಂದು, ಮೊರವನ್ನು ಪಕ್ಕಕ್ಕಿಟ್ಟು, ಎದ್ದು ಒಳಗೆ ಹೋದರು. ಸತ್ತರೆಂದು ಕೇಳಿದ್ದರೆ ಆಕೆ ಅಷ್ಟು ಕಳವಳಪಡುತ್ತಿರಲಿಲ್ಲವೆಂದೇ ನನ್ನ ಎಣಿಕೆ.

ಆ ವರ್ಷದ ಉಳಿದ ದಿನಗಳು ಆ ಪುಟ್ಟ ಊರಿಗೆ ಬಹಳ ಭಾರವಾಗಿ ಕಳೆದವು. ಕದನವಿರಾಮಕ್ಕೆ ಮುನ್ನಾದಿನ, ಸೆಪ್ಟೆಂಬರ್ 22ರಂದು, ಕಾರ್ಯಪ್ಪನವರ ಮಗನ ವಿಮಾನ ಉರುಳಿ ಅವನು ಸೆರೆಸಿಕ್ಕಿದನು. ಹಿಂದೊಮ್ಮೆ ಅವರ ಕೈಕೆಳಗೆ ಕೆಲಸಮಾಡಿದ್ದ ಅಯೂಬ್ ಖಾನರು ಪಾಕಿಸ್ತಾನದ ಅಧ್ಯಕ್ಷರು. ಹುಡುಗನನ್ನು ಬಿಡುಗಡೆ ಮಾಡಬಹುದೆಂಬ ಸೂಚನೆ ಅವರಿಂದ ಬಂದಾಗ, ಸೆರೆಯಲ್ಲಿರುವವರೆಲ್ಲರೂ ತಮ್ಮ ಮಕ್ಕಳೇ, ಒಬ್ಬನಿಗಾಗಿ ಬೇಡವೆಂದು ಆ ತಂದೆ ನಿರಾಕರಿಸಿದುದು ಈಗ ಎಲ್ಲರೂ ಬಲ್ಲ ಕಥೆ. ಡಿಸೆಂಬರಿನಲ್ಲಿ ಸೈಪ್ರಸ್ಸಿನಿಂದ ತಿಮ್ಮಯ್ಯನವರ ನಿಧನದ ವಾರ್ತೆ ಬಂತು. ಕಾರ್ಯಪ್ಪನವರು ಪ್ರತಿದಿನದಂತೆ ನೆಟ್ಟಗೆ, ಕೋಲು ಹಿಡಿದು ರಸ್ತೆಯಲ್ಲಿ ನಡೆದುಹೋಗುವುದನ್ನು ನಾನು ಆ ಚಳಿಗಾಲದಲ್ಲಿ ಎರಡು ಮೂರು ಸಲ ಕಂಡಿದ್ದೇನೆ. ಎದುರಿಗೆ ಬಂದವರೆಲ್ಲರೂ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಮಗನ ವಿಚಾರವನ್ನು ಯಾರೂ ಕೇಳುತ್ತಿರಲಿಲ್ಲ.

ನಾನು ಎರಡು ವರ್ಷಗಳಲ್ಲಿ ವರ್ಗವಾಗಿ ಬಯಲಿಗೆ ಹಿಂದಿರುಗಿದೆ. ದೇವಯ್ಯನವರ ಕಥೆ ಬೆಳಕಿಗೆ ಬಂದ ಬಗೆಯನ್ನು ಪತ್ರಿಕೆಗಳಲ್ಲಿ ಓದಿಯೇ ತಿಳಿದೆ. 1979ರಲ್ಲಿ ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕನು ಪಾಕಿಸ್ತಾನದ ವಾಯುಯುದ್ಧವನ್ನು ಕುರಿತು ಪ್ರಕಟಿಸಿದ ಗ್ರಂಥದಿಂದ, ಆ ಸ್ಟಾರ್‌ಫೈಟರ್ ವಿಮಾನವು ಒಂದು ಮಿಸ್ಟೇರ್‌ನೊಡನೆ ಸೆಣಸಿ ಬಿದ್ದಿತೆಂಬುದು ಹೊರಬಿತ್ತು. ಆ ಮಿಸ್ಟೇರ್ ಬೇರೆ ಯಾವುದೂ ಆಗಿರಲು ಸಾಧ್ಯವಿರಲಿಲ್ಲ. 1988ರಲ್ಲಿ, ಇಪ್ಪತ್ತಮೂರು ವರ್ಷಗಳ ತರುವಾಯ, ಅವರಿಗೆ ಮಹಾವೀರ ಚಕ್ರವು ಘೋಷಿತವಾಗಿ, ಅವರ ಪತ್ನಿ ಅದನ್ನು ಸ್ವೀಕರಿಸಿದರು. ಇಪ್ಪತ್ತಮೂರು ವರ್ಷ ಆ ಮನೆಯು ಒಂದು ಪದದ ಜೊತೆಯಲ್ಲಿ ಬಾಳಿತು. ಕಲ್ಲುಗಳೂ ವೃತ್ತಗಳೂ ಬರುವುದಕ್ಕೆ ಮುಂಚೆ ನೆನಪನ್ನು ಹೊತ್ತವರು ಯಾರು, ಎಷ್ಟು ಕಾಲ ಹೊತ್ತರು ಎಂಬುದನ್ನು ಪ್ರತಿಮೆಯ ಪೀಠದ ಮೇಲೆ ಬರೆಯುವ ಪದ್ಧತಿಯಿಲ್ಲ. ಬರೆಯಬೇಕಿತ್ತೆಂದು ನನಗೆ ತೋರುತ್ತದೆ.

ಬಹಳ ವರ್ಷಗಳ ಮೇಲೆ, ನಾನೂ ಮುದುಕನಾದ ಬಳಿಕ, ಆಗಸ್ಟ್ ತಿಂಗಳ ಕೊನೆಯಲ್ಲಿ ಮಡಿಕೇರಿಗೆ ಹೋದಾಗ ಆ ತಾಯಿಯನ್ನು ನೋಡಿಬಂದೆ. ಯಜಮಾನರು ತೀರಿಕೊಂಡಮೇಲೆ ಪಟ್ಟಣದ ಮನೆಯನ್ನು ಮಾರಿ ಐನ್‌ಮನೆಗೇ ಹಿಂದಿರುಗಿದ್ದರು. ವಯಸ್ಸು ಎಂಬತ್ತೈದು ಮೀರಿತ್ತು. ಕಣ್ಣು ಮಂದವಾಗಿದ್ದರೂ ದನಿಯಿಂದ ನನ್ನನ್ನು ಗುರುತಿಸಿ, “ಮೇಷ್ಟ್ರು ಬಂದಿರಾ” ಎಂದರು. ಗೂಟದ ಮೇಲೆ ಆ ಕೋವಿ ಇದ್ದಿತು. ಬಸ್ ನಿಲ್ದಾಣದ ಬಳಿ ದೇವಯ್ಯನವರ ಹೆಸರನ್ನು ಕಂಡು ಬಂದುದನ್ನು ಹೇಳಿದೆ. ಅಲ್ಲಿಂದ ಮಾತು ಮುಂದುವರಿದು, ಆ ಮೇಲೆ ಪಾಕಿಸ್ತಾನದ ಕಡೆಯವರೇ ಬರೆದ ಬರಹಗಳಿಂದ ತಿಳಿದುಬಂದ ಇನ್ನೊಂದು ಸಂಗತಿಯನ್ನೂ ಹೇಳಿದೆ: ವಿಮಾನ ಬಿದ್ದ ಕಡೆಯ ಹಳ್ಳಿಯವರು ಹೊಲದಲ್ಲಿ ಅವರ ದೇಹವನ್ನು ಕಂಡು, ಅಲ್ಲಿಯೇ ಮಣ್ಣುಮಾಡಿದರೆಂದು.

ಆಕೆ ನನ್ನ ಕಡೆಗೆ ಮುಖ ತಿರುಗಿಸಿದರು.

“ಯಾರು, ಸೈನಿಕರಾ?”

“ಅಲ್ಲ ತಾಯಿ, ಹೊಲದ ರೈತರು.”

“ಯಾರೆಂದು ಗೊತ್ತಿತ್ತಾ ಅವರಿಗೆ?”

“ಹೆಸರು ಗೊತ್ತಿರಲಾರದು.”

ಬಹಳ ಹೊತ್ತು ಸುಮ್ಮನಿದ್ದರು. ಹೊರಗೆ ಗದ್ದೆಯ ಮೇಲೆ ಮಂಜು ಇಳಿಯುತ್ತಿತ್ತು. ಆಮೇಲೆ ಕೇಳಿದರು: “ಸಿಂಗಪುರದಲ್ಲಿ ಹೊಲ ಇವೆಯಾ, ಮೇಷ್ಟ್ರೇ?”

ನಾನು ಆ ಊರನ್ನು ಕಂಡವನಲ್ಲ. ಆ ಕಾಲದಲ್ಲಿ ಅಲ್ಲೆಲ್ಲ ರಬ್ಬರ್ ತೋಟಗಳಿದ್ದುವೆಂದು ಓದಿದ್ದೇನೆ ಎಂದೆ.

“ತೋಟವೆಂದರೆ ಆಳುಗಳಿರುತ್ತಾರೆ” ಎಂದರು ಆಕೆ, ತಮ್ಮೊಳಗೇ ಲೆಕ್ಕಹಾಕುವವರಂತೆ, “ಆಳುಗಳಿದ್ದರೆ ಗುದ್ದಲಿ ಇರುತ್ತದೆ.”

ಹಬ್ಬಕ್ಕೆ ಇನ್ನು ನಾಲ್ಕೈದು ದಿನಗಳಿದ್ದುವು. ಮೊಮ್ಮಗನನ್ನು ಕೂಗಿ, ಗೂಟದಿಂದ ಕೋವಿಯನ್ನು ಇಳಿಸಿ ಕೊಡಹೇಳಿದರು. ಕೊಬ್ಬರಿ ಎಣ್ಣೆಯ ಬಟ್ಟಲನ್ನು ಪಕ್ಕದಲ್ಲಿ ಇರಿಸಿಕೊಂಡು, ಅದನ್ನು ತೊಡೆಯ ಮೇಲೆ ಅಡ್ಡಲಾಗಿ ಮಲಗಿಸಿ, ಹಳೆಯ ಸೀರೆಯ ಚೂರಿನಿಂದ, ಹಿಡಿಯ ಕಡೆಯಿಂದ ತೊ‌ಡಗಿ, ಕಣ್ಣಿನ ನೆರವಿಲ್ಲದೆ ಬೆರಳುಗಳಿಂದಲೇ ತಡವಿಕೊಳ್ಳುತ್ತ, ನಳಿಗೆಯ ತುದಿಯವರೆಗೂ ನಿಧಾನವಾಗಿ ಒರೆಸಿದರು.